ಚೌಕದ ಡೊಂಕು

ಅಟ್ಟದಿಂದ ಇಳಿಸಿದ ತಗಡಿನ ಡಬ್ಬಿಯ ಮುಚ್ಚಳವನ್ನು ಸ್ಕ್ರೂಡ್ರೈವರ್ ಹಾಕಿ ತಮ್ಮ ಮೀಟಿದ ಕೂಡಲೇ ಹುಳಿ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು.

"ಏನಕ್ಕಾ ಇದು, ಒಳಗೆ ವಿನಿಗರ್ ಬಾಟ್ಲಿ ಏನಾದ್ರೂ ಒಡೆದಿದೆಯಾ?" ಎಂದು ಅವನು ನಕ್ಕ.

ಅಕ್ಕ ನಗಲಿಲ್ಲ. ಅಪ್ಪನ ಕಾಲದಿಂದ ಫೋಟೊ ಸ್ಟುಡಿಯೋದಲ್ಲೇ ಬೆಳೆದು, ಅದನ್ನೇ ನಡೆಸಿ, ಊರಿಗೆಲ್ಲ 'ಸ್ಟುಡಿಯೋ ಅಕ್ಕ' ಅನ್ನಿಸಿಕೊಂಡವಳಿಗೆ ಆ ವಾಸನೆಯ ಅರ್ಥ ಗೊತ್ತಿತ್ತು. ಫಿಲ್ಮು ಸಾಯತೊಡಗಿದರೆ ಹೀಗೆ ನಾರುತ್ತದೆ. ಮೊದಲು ವಾಸನೆ, ಆಮೇಲೆ ಕುಗ್ಗುವುದು, ಸುರುಟಿಕೊಳ್ಳುವುದು, ಕೊನೆಗೆ ಒಣ ಎಲೆಯ ಹಾಗೆ ಮುರಿಯುವುದು. ಒಮ್ಮೆ ಶುರುವಾಯಿತೆಂದರೆ ಯಾರಪ್ಪನಿಂದಲೂ ನಿಲ್ಲಿಸಲಾಗದು.

ಡಬ್ಬಿಯಲ್ಲಿದ್ದದ್ದು ಎಂಟು ಎಂಎಂ ಫಿಲ್ಮಿನ ಹದಿನಾಲ್ಕು ಸುರುಳಿ. ಮನೆಯವರನ್ನು ಕೂರಿಸಿ ನಿಲ್ಲಿಸಿ ಅಪ್ಪ ತೆಗೆದದ್ದು. ಅಮ್ಮ ಜ್ವರದಲ್ಲಿ ತೀರಿಕೊಂಡ ವಾರವೇ ಅಪ್ಪ ಎಲ್ಲವನ್ನೂ ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದ್ದರು. ಬದುಕಿರುವ ತನಕ ತಾವೂ ಇಳಿಸಲಿಲ್ಲ, ಇಳಿಸಲು ಬಿಡಲೂ ಇಲ್ಲ. ಅವರು ಹೋದ ಮೇಲೆ ಮಕ್ಕಳಿಬ್ಬರೂ ಇವತ್ತು ನಾಳೆ ಎಂದು ವರ್ಷಗಟ್ಟಲೆ ತಳ್ಳಿದರು. ಈಗ ಅಟ್ಟದ ಹಲಗೆಗೆ ಗೆದ್ದಲು ಹಿಡಿದು, ಬೇರೆ ದಾರಿಯಿಲ್ಲದೆ ಇಳಿಸಬೇಕಾಗಿ ಬಂದಿತ್ತು.

ಅಮ್ಮ ಹೋದಾಗ ಅಕ್ಕನಿಗೆ ಆರು ವರ್ಷ, ತಮ್ಮನಿಗೆ ಎಂಟು ತಿಂಗಳು. ಅಕ್ಕನಿಗೆ ಅಮ್ಮನ ಬೆರಳು ನೆನಪಿತ್ತು, ಕೆಮ್ಮು ನೆನಪಿತ್ತು. ತಮ್ಮನಿಗೆ ಗೋಡೆಯ ಮೇಲಿನ ಒಂದು ಫೋಟೊ ಬಿಟ್ಟರೆ ಏನೂ ಇಲ್ಲ. ಅಕ್ಕ ಮದುವೆ ಆಗಲೇ ಇಲ್ಲ, ತಮ್ಮ ಆಗಿ ಒಂಟಿಯಾದ. ಈಗ ಕೆಳಗೆ ಸ್ಟುಡಿಯೋ, ಪಕ್ಕದಲ್ಲಿ ಅವನ ಹೊಲಿಗೆ ಯಂತ್ರದ ರಿಪೇರಿ ಅಂಗಡಿ, ಮೇಲೆ ಇಬ್ಬರ ಮನೆ.

"ಇದರಲ್ಲಿ ಅಮ್ಮ ನಡೆದಾಡ್ತಾಳಾ?" ತಮ್ಮ ಕೇಳಿದ. ನಗು ಹೋಗಿತ್ತು.

"ನಡೆದಾಡ್ಬೇಕು. ಫಿಲ್ಮು ಕೈಕೊಡದೆ ಇದ್ರೆ."

ಅಂಗಡಿಗೆ ಕೊಟ್ಟು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಅಕ್ಕನಿಗೆ ಮನಸ್ಸಾಗಲಿಲ್ಲ. ಕುಗ್ಗಿದ ಫಿಲ್ಮನ್ನು ಯಾರೋ ಅವಸರದಲ್ಲಿ ಯಂತ್ರಕ್ಕೆ ತುರುಕಿದರೆ ಮುಗಿಯಿತು. ತಾನೇ ಒಂದೊಂದು ಚಿತ್ರವನ್ನೂ ಬೇರೆ ಬೇರೆ ಫೋಟೊ ತೆಗೆಯುತ್ತೇನೆ, ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಿದರೆ ಓಡುತ್ತದೆ ಎಂದಳು. ಅಪ್ಪನ ಹಳೆ ಪ್ರೊಜೆಕ್ಟರನ್ನು ತಮ್ಮ ಬಿಚ್ಚಿ, ಸುಡುವ ಬಲ್ಬಿನ ಜಾಗಕ್ಕೆ ತಣ್ಣಗಿನ ಎಲ್‌ಇಡಿ ಇಟ್ಟ, ಹೊಲಿಗೆ ಯಂತ್ರದ ಮೋಟಾರು ಕೂರಿಸಿ ಇರುವೆ ನಡಿಗೆಯಲ್ಲಿ ಓಡುವ ಹಾಗೆ ಮಾಡಿಕೊಟ್ಟ. ಉಳಿದದ್ದು ಕ್ಯಾಮೆರಾ ಮತ್ತು ಲೆನ್ಸು.

ಅದಕ್ಕೆ ಅಕ್ಕ ಹಳೆ ಕ್ಯಾಮೆರಾ ಮಾರುವ ಭೂತಗನ್ನಡಿಯ ಹತ್ತಿರ ಹೋದಳು. ಹಗಲೆಲ್ಲ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಕೂತಿರುತ್ತಿದ್ದ ಆ ಮುದುಕರಿಗೆ ಊರವರು ಇಟ್ಟ ಹೆಸರು ಅದು.

"ನಿಮ್ಮ ಮದುವೆ ಮನೆ ಕ್ಯಾಮೆರಾ ಬೇಡಮ್ಮಾ," ಎಂದರು ಅವರು. "ಕ್ಲಿಕ್ ಮಾಡಿದಾಗೆಲ್ಲ ಒಳಗಿನ ಕನ್ನಡಿ ಪಟಕ್ ಅಂತ ಎಗರುತ್ತೆ, ಚಿತ್ರ ಅಲ್ಲಾಡುತ್ತೆ. ಒಂದು ಸುರುಳಿಗೆ ನಾಲ್ಕು ಸಾವಿರ ಚಿತ್ರ. ಹದಿನಾಲ್ಕು ಮುಗಿಯೋ ಹೊತ್ತಿಗೆ ಶಟರ್ ಗೊಟಕ್. ಕನ್ನಡಿ ಇಲ್ಲದ್ದು, ಸದ್ದಿಲ್ಲದೆ ತೆಗೆಯೋದು ಬೇಕು. ಒಳಗೆ ಚಿತ್ರ ಬೀಳೋ ಸೆನ್ಸರ್ ಚಿಕ್ಕದಿದ್ರೆ ಇನ್ನೂ ಒಳ್ಳೇದು. ಒಂದು ಬೇಳೆಯಷ್ಟು ಚಿತ್ರಾನ ದೊಡ್ಡ ಸೆನ್ಸರ್ ತುಂಬಾ ಹಿಗ್ಗಿಸೋಕೆ ಹೋದ್ರೆ ಲೆನ್ಸಿಗೂ ಏದುಸಿರು ಬರುತ್ತೆ."

ಹಾಗೆಂದು ಒಂದು ಪುಟ್ಟ ಕ್ಯಾಮೆರಾ, ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಒಂದು ಮ್ಯಾಕ್ರೋ ಲೆನ್ಸ್ ಕೊಟ್ಟರು. ಅಕ್ಕನ ಬಳಿ, ಫೋಟೊ ಹಿಗ್ಗಿಸಿ ಪ್ರಿಂಟ್ ಹಾಕುವ ಅಪ್ಪನ ಎನ್‌ಲಾರ್ಜರಿನ ಲೆನ್ಸೂ ಇತ್ತು. ಅದನ್ನು ಹಿಂದುಮುಂದಾಗಿ ತಿರುಗಿಸಿ, ಮಡಿಕೆ ಮಡಿಕೆಯಾಗಿ ಹಿಗ್ಗುವ ತಿದಿಯೊಂದರ ತುದಿಗೆ ಸಿಕ್ಕಿಸಿದರೆ ಅದೂ ಮ್ಯಾಕ್ರೋ ಆಗುತ್ತದೆ. ಭೂತಗನ್ನಡಿ ತಿದಿಯನ್ನೂ ಕೊಟ್ಟರು. "ಎರಡನ್ನೂ ಹಾಕಿ ನೋಡಿ. ಬೇಡದ್ದನ್ನ ವಾಪಸ್ ತನ್ನಿ."

ಮರುದಿನ ಮಧ್ಯಾಹ್ನ ಸ್ಟುಡಿಯೋದ ಪರದೆ ಎಳೆದು ಅಕ್ಕ ಮೊದಲ ಸುರುಳಿ ಏರಿಸಿದಳು. ಮ್ಯಾಕ್ರೋ ಲೆನ್ಸ್ ಹಾಕಿ, ನಲವತ್ತು ವರ್ಷದ ರೂಢಿಯಂತೆ ಬಲಗಣ್ಣನ್ನು ವ್ಯೂಫೈಂಡರಿಗೆ ಒತ್ತಿ, ಎಡಗಣ್ಣು ಮುಚ್ಚಿದಳು. ಬಿಳಿ ಬೆಳಕಿನಲ್ಲಿ ಫಿಲ್ಮಿನ ಚೌಕ ಮೂಡಿತು. ಚೌಕದ ಬಲಗಡೆಯ ಗೆರೆ ಮೇಲಿನಿಂದ ನೆಟ್ಟಗೆ ಬಂದು, ನಡುವೆ ಒಳಕ್ಕೆ ಬಾಗಿ, ಮತ್ತೆ ನೆಟ್ಟಗಾಗಿತ್ತು. ಯಾರೋ ಬೆರಳಿನಿಂದ ಒತ್ತಿದ ಹಾಗೆ.

ಲೆನ್ಸು ಸರಿಯಿಲ್ಲ ಅಂದುಕೊಂಡಳು. ಅದನ್ನು ತೆಗೆದು ಅಪ್ಪನ ಲೆನ್ಸನ್ನು ತಿದಿಗೆ ಸಿಕ್ಕಿಸಿದಳು. ಗೆರೆ ಆಗಲೂ ಬಾಗಿಯೇ ಇತ್ತು. ಫಿಲ್ಮೇ ಸುರುಟಿರಬೇಕೆಂದು ಬೇರೆ ಸುರುಳಿ ಹಾಕಿದಳು. ಅದೂ ಅಷ್ಟೇ. ವಿಚಿತ್ರವೆಂದರೆ ತೆಗೆದ ಫೋಟೊ ಕಂಪ್ಯೂಟರಿನಲ್ಲಿ ನೆಟ್ಟಗೇ ಕಾಣುತ್ತಿತ್ತು.

"ಹಾಗಾದ್ರೆ ಕ್ಯಾಮೆರಾದ ವ್ಯೂಫೈಂಡರೇ ಡೊಂಕು," ಎಂದಳು.

"ಲೆನ್ಸು ಡೊಂಕು, ಫಿಲ್ಮು ಡೊಂಕು, ಈಗ ಕ್ಯಾಮೆರಾ ಡೊಂಕು," ತಮ್ಮ ಬಾಗಿಲಲ್ಲಿ ನಿಂತು ನಕ್ಕ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಅವನ ಮೇಲೆ ಎಸೆದಳು.

ಕ್ಯಾಮೆರಾ ಬದಲಾಯಿಸಲು ಹೋದಾಗ ಭೂತಗನ್ನಡಿ ವಾದಿಸಲಿಲ್ಲ. ಗ್ರಾಫ್ ಕಾಗದವೊಂದನ್ನು ಮೇಜಿನ ಮೇಲೆ ಹರಡಿ, ವ್ಯೂಫೈಂಡರಿನಲ್ಲಿ ತಾವೂ ಒಮ್ಮೆ ಇಣುಕಿ, ಅದೇ ಕ್ಯಾಮೆರಾ, ಅದೇ ಲೆನ್ಸಿನಲ್ಲಿ ಫೋಟೊ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿ ತಂದರು. "ನೋಡಿಮ್ಮಾ. ದಾರ ಹಿಡಿದು ಎಳೆದ ಹಾಗಿದೆ ಗೆರೆ. ಎಲ್ಲಿದೆ ಡೊಂಕು?" ಎಂದು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆದು ಅವಳ ಕೈಗಿತ್ತರು.

ಅಕ್ಕ ಅದನ್ನು ಬಲಗಣ್ಣಿಗೆ ಇಟ್ಟುಕೊಂಡು, ಎಡಗಣ್ಣು ಮುಚ್ಚಿ ಬಗ್ಗಿದಳು. ಕಾಗದದ ನಡುವೆ ಗೆರೆಗಳು ಸುಳಿಗೆ ಸಿಕ್ಕ ಹುಲ್ಲಿನಂತೆ ಬಳುಕಿದ್ದವು. ಭೂತಗನ್ನಡಿ ತೆಗೆದಳು. ಬರಿಗಣ್ಣಿಗೂ ಬಳುಕಿದ್ದವು. ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದಳು. ಎಲ್ಲ ಗೆರೆಯೂ ನೆಟ್ಟಗೆ ನಿಂತಿತು.

ಇನ್ನೊಮ್ಮೆ ನೋಡಿದಳು. ಬಲಗಣ್ಣು: ಡೊಂಕು. ಎಡಗಣ್ಣು: ನೆಟ್ಟಗೆ. ಮುಖವೆತ್ತಿ ಎಡಗಣ್ಣು ಮುಚ್ಚಿ ಎದುರಿನವರನ್ನು ನೋಡಿದಳು. ಮುದುಕರ ಕಿವಿ ಇತ್ತು, ಗಲ್ಲ ಇತ್ತು. ಮೂಗಿದ್ದ ಜಾಗದಲ್ಲಿ ಬೂದಿ ಬಣ್ಣದ ಒಂದು ಒದ್ದೆ ಕಲೆ.

"ಏನಾಯ್ತಮ್ಮಾ?"

"ಏನಿಲ್ಲ. ಸರಿಯಾಗೇ ಇದೆ. ನಂದೇ ತಪ್ಪು," ಎಂದು ಕ್ಯಾಮೆರಾ, ಲೆನ್ಸು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಬಿದ್ದಳು. ಬೀದಿಯಲ್ಲಿ ದೀಪದ ಕಂಬ, ಬಸ್ಸಿನ ಕಿಟಕಿ, ಎದುರು ಕಟ್ಟಡದ ಅಂಚು, ಒಂದೊಂದನ್ನೂ ಕಣ್ಣು ಮುಚ್ಚಿ ತೆರೆದು ಪರೀಕ್ಷಿಸುತ್ತಾ ನಡೆದಳು. ಎಲ್ಲಾದರೂ ಒಂದು ಗೆರೆ ನೆಟ್ಟಗೆ ಕಂಡೀತೇ ಎಂಬ ಆಸೆ. ಒಂದೂ ಕಾಣಲಿಲ್ಲ.

ಇಷ್ಟು ಹೆದರಲು ಕಾರಣವಿತ್ತು. ಅಮ್ಮ ಹೋದ ಮೇಲೆ ಇಬ್ಬರನ್ನೂ ಸಾಕಿದವಳು ಅಪ್ಪನ ಅಕ್ಕ, ಅವರ ಸೋದರತ್ತೆ. ಐವತ್ತೈದು ದಾಟಿದ ಮೇಲೆ ಅತ್ತೆ ಒಂದು ದಿನ ಬಾಗಿಲ ಚೌಕಟ್ಟು ಸೊಟ್ಟಗಿದೆ ಎಂದು ಬಡಗಿಯನ್ನು ಕರೆಸಿ ಬೈದಿದ್ದಳು. ಬಡಗಿ ಗುಂಡು ಕಟ್ಟಿದ ದಾರ ಇಳಿಬಿಟ್ಟು ತೋರಿಸಿದರೂ ಒಪ್ಪಲಿಲ್ಲ. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಅಕ್ಕನೂ ನಕ್ಕಿದ್ದಳು. ಎರಡು ವರ್ಷಕ್ಕೆ ಅತ್ತೆ ಗೋಡೆ ಸವರಿಕೊಂಡು ನಡೆಯುತ್ತಿದ್ದಳು. ತಟ್ಟೆಯಲ್ಲಿ ಅನ್ನ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕುತ್ತಿದ್ದಳು. ಸಾಯುವ ತನಕ ಹಾಗೆಯೇ ಇದ್ದಳು.

ಅಕ್ಕ ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಡಾಕ್ಟರ ಹತ್ತಿರ ಹೋದರೆ ಅವರು ಅದನ್ನು ಬಾಯಿಬಿಟ್ಟು ಹೇಳುತ್ತಾರೆ, ಹೇಳಿದ ಮೇಲೆ ಅದು ನಿಜವಾಗುತ್ತದೆ. ಹೋಗದಿದ್ದರೆ ಇನ್ನೂ ಸ್ವಲ್ಪ ದಿನ ಸುಳ್ಳಾಗಿ ಇರಬಹುದು. ಬುದ್ಧಿಯಿರುವ ಹೆಂಗಸು, ಹಾಗೆ ಯೋಚಿಸಿದಳು ನೋಡಿ. ಹೆದರಿಕೆ ಹೊಕ್ಕ ತಲೆಯಲ್ಲಿ ಬುದ್ಧಿಗೆ ನಿಲ್ಲಲೂ ಜಾಗವಿರುವುದಿಲ್ಲ.

ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಎಡಗಣ್ಣು ಮುಚ್ಚಿ ಕಿಟಕಿಯ ಸರಳು ನೋಡುವುದು ಅಭ್ಯಾಸವಾಯಿತು. ಮೊದಲ ದಿನ ಒಂದು ಸರಳು ಬಾಗಿತ್ತು. ನಾಲ್ಕನೆಯ ದಿನ ಮೂರು. ಎಂಟನೆಯ ದಿನ ನಡುವಿನ ಸರಳು ಒಂದು ಕಡೆ ಇರಲೇ ಇಲ್ಲ. ಆಮೇಲೆ ಉಸಿರು ಬಿಗಿಹಿಡಿದು ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡುತ್ತಿದ್ದಳು. ಅದು ನೆಟ್ಟಗೆ ತೋರಿಸಿದರೆ ಮಾತ್ರ ಎದ್ದು ನೀರು ಕಾಯಿಸಲು ಹೋಗುತ್ತಿದ್ದಳು.

"ಅಕ್ಕಾ, ಯಾವ ಲೆನ್ಸು ಅಂತ ತೀರ್ಮಾನ ಆಯ್ತಾ?" ತಮ್ಮ ದಿನಾ ಕೇಳುತ್ತಿದ್ದ.

"ನೋಡ್ತಿದೀನಿ."

"ನೋಡ್ತಾನೇ ಇದೀಯ. ಫಿಲ್ಮು ಕಾಯುತ್ತಾ?"

ಫಿಲ್ಮು ಕಾಯುವುದಿಲ್ಲ, ಕಣ್ಣೂ ಕಾಯುವುದಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. ಎರಡು ಕಣ್ಣೂ ಹೋಗುವ ಮೊದಲು ಹದಿನಾಲ್ಕನ್ನೂ ಮುಗಿಸಿಬಿಡಬೇಕು, ಲೆನ್ಸು ಯಾವುದಾದರೇನು ಎಂದು ಕೈಗೆ ಸಿಕ್ಕ ಮ್ಯಾಕ್ರೋವನ್ನೇ ಹಾಕಿ, ಮೂರನೆಯ ಸುರುಳಿ ಏರಿಸಿ ಮೋಟಾರು ಬಿಟ್ಟಳು. ಎರಡು ನಿಮಿಷ ಸರಿಯಾಗಿ ನಡೆಯಿತು. ಆಮೇಲೆ ಟಕಟಕ ಸದ್ದಿಗೆ ಇನ್ನೊಂದು ಸದ್ದು ಸೇರಿತು. ಹಳೆ ಬಟ್ಟೆ ಹರಿದ ಹಾಗೆ, ಸಣ್ಣಗೆ, ಒಂದೇ ಸಮ.

ಆಚೆ ಅಂಗಡಿಯಿಂದ ತಮ್ಮ ಓಡಿ ಬಂದು ಸ್ವಿಚ್ ಆರಿಸಿದ. ಫಿಲ್ಮನ್ನು ಎಳೆಯಲು ಅಂಚಿನಲ್ಲಿದ್ದ ತೂತುಗಳು ಮೊಳದುದ್ದಕ್ಕೆ ಹರಿದು ಹೋಗಿದ್ದವು.

"ಬೆಳಕು ಬೀಳೋ ಗೇಟಿನ ಮೇಲೆ ಫಿಲ್ಮಿಗೆ ಸಡಿಲ ಬಿಟ್ಟೇ ಇಲ್ಲ ನೀನು! ಫಿಲ್ಮು ತಂತಿ ಹಾಗೆ ಬಿಗಿದಿದೆ. ನೋಡ್ಲಿಲ್ವಾ?"

"ಕಾಣಲಿಲ್ಲ."

"ಲೈಟ್ ಹಾಕ್ಕೋಬಾರದಾ?"

"ಲೈಟಿನ ಮಾತಲ್ಲ ಕಣೋ," ಎಂದಳು ಅಕ್ಕ. ಸ್ಟೂಲಿನ ಮೇಲೆ ಕುಸಿದು ಕೂತಳು. "ಲೆನ್ಸು ಸರಿಯಾಗಿದೆ. ಕ್ಯಾಮೆರಾನೂ ಸರಿಯಾಗಿದೆ. ನನ್ನ ಬಲಗಣ್ಣು ಹೋಗ್ತಿದೆ. ಅತ್ತೆಗೆ ಹೋದ ಹಾಗೆ."

ತಮ್ಮ ಕೈಯಲ್ಲಿ ಹರಿದ ಫಿಲ್ಮು ಹಿಡಿದುಕೊಂಡೇ ನಿಂತಿದ್ದ. "ಯಾವಾಗಿಂದ?"

"ನನಗೆ ಗೊತ್ತಾಗಿ ಹನ್ನೊಂದು ದಿನ."

"ಹನ್ನೊಂದು ದಿನ!" ಅವನು ಕಿರುಚಿದ. ಜನ್ಮದಲ್ಲಿ ಅಕ್ಕನ ಮುಂದೆ ದನಿ ಎತ್ತಿದವನಲ್ಲ. "ಹನ್ನೊಂದು ದಿನ ಒಬ್ಬಳೇ ಹೊಟ್ಟೇಲಿಟ್ಟುಕೊಂಡು ಕೂತಿದ್ಯಾ? ನಾನೇನು ಈ ಮನೇಲಿ ಗೋಡೆನಾ? ನೆಲ ಡೊಂಕು ಅಂತ ನಾನು ನಕ್ಕಾಗ ಬರೀ ಬಟ್ಟೆ ಎಸೆದು ಬಿಟ್ಯಲ್ಲ, ಒಂದು ಏಟು ಹಾಕ್ಬಾರದಿತ್ತಾ?" ಅವನು ತಿರುಗಿ ನಿಂತು ಮುಖ ಒರೆಸಿಕೊಂಡ. ಆಮೇಲೆ, "ಏಳು, ಚಪ್ಪಲಿ ಹಾಕ್ಕೋ," ಎಂದ.

ಕಣ್ಣಿನ ಆಸ್ಪತ್ರೆಯಲ್ಲಿ ಪಾಪೆ ಹಿಗ್ಗಲು ಹನಿ ಹಾಕಿ ಸಾಲಾಗಿ ಕೂರಿಸಿದರು. ಬೆಳಕೆಲ್ಲ ಚುಚ್ಚುತ್ತಿತ್ತು. ಪಕ್ಕದಲ್ಲಿ ಯಾರೋ ಹೆಂಗಸು ತನ್ನ ಗಂಡನಿಗೆ ಎದುರಿನ ಗೋಡೆಯ ಪೋಸ್ಟರನ್ನು ಅಕ್ಷರ ಅಕ್ಷರವಾಗಿ ಓದಿ ಹೇಳುತ್ತಿದ್ದಳು. ಅಕ್ಕನಿಗೆ ಎದ್ದು ಓಡಿಹೋಗಬೇಕೆನಿಸಿತು. ತಮ್ಮ ಅವಳ ಚೀಲದ ಪಟ್ಟಿಯನ್ನು ತನ್ನ ಕೈಗೆ ಸುತ್ತಿಕೊಂಡು ಕೂತಿದ್ದ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣಿನ ಒಳಗಿನ ಚಿತ್ರವನ್ನು ಪರದೆಯ ಮೇಲೆ ತೋರಿಸಿದಳು. ಪದರ ಪದರವಾಗಿ ಹಾಸಿದ್ದರ ನಡುವೆ ಒಂದು ಕಡೆ ಗುಡ್ಡದ ಹಾಗೆ ಉಬ್ಬಿತ್ತು.

"ಇಲ್ಲಿ ರಕ್ತನಾಳ ಸೋರ್ತಿದೆ ಅಮ್ಮಾ. ಕ್ಯಾಮೆರಾಕ್ಕೆ ಸೆನ್ಸರ್ ಇದ್ದ ಹಾಗೆ ಕಣ್ಣಿಗೆ ಈ ಪರದೆ. ಅದರ ಸರಿ ನಡುವೆ ಉಬ್ಬಿದೆ. ಅದಕ್ಕೇ ನೆಟ್ಟಗಿರೋದು ಡೊಂಕಾಗಿ ಕಾಣುತ್ತೆ."

"ಎಡಗಣ್ಣು?"

"ಅಲ್ಲಿ ಸದ್ಯಕ್ಕೆ ಏನೂ ಸೋರ್ತಿಲ್ಲ, ಒಣಗಿದೆ, ಚೆನ್ನಾಗಿದೆ. ಆದ್ರೆ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾ ಇರಬೇಕು."

"ನಮ್ಮತ್ತೆಗೆ ಎರಡೂ ಹೋಯ್ತು."

"ಅವರ ಕಾಲದಲ್ಲಿ ಈ ಔಷಧಿ ಇರಲಿಲ್ಲ. ಈಗ ಇದೆ. ಸೋರೋದು ನಿಲ್ಲುತ್ತೆ. ಆದ್ರೆ ಈಗಾಗಲೇ ಹೋಗಿರೋ ನೋಟ ಎಷ್ಟು ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಇನ್ನೊಂದು ವಾರ ಮೊದಲೇ ಬಂದಿದ್ರೆ..." ಅವಳು ಮಾತು ನುಂಗಿಕೊಂಡಳು. "ಇವತ್ತೇ ಇಂಜೆಕ್ಷನ್ ಕೊಡೋಣ."

"ತೋಳಿಗಾ?"

"ಕಣ್ಣಿಗೆ."

ಒಪ್ಪಿಗೆಯ ಕಾಗದ ಅಕ್ಕನ ಮುಂದೆ ಬಂತು. ಎಲ್ಲಿ ಸಹಿ ಹಾಕಬೇಕೆಂದು ತಮ್ಮ ಅವಳ ಬೆರಳು ಹಿಡಿದು ತೋರಿಸಿದ.

ಒಳಗೆ ಮಲಗಿಸಿ ಮುಖಕ್ಕೆ ಬಟ್ಟೆ ಮುಚ್ಚಿದರು, ಕಣ್ಣಿನ ಜಾಗಕ್ಕೆ ಮಾತ್ರ ತೂತು. ಹನಿ ಹಾಕಿ ಮರಗಟ್ಟಿಸಿದರು. ರೆಪ್ಪೆ ಮುಚ್ಚದಂತೆ ಒಂದು ತಂತಿಯ ಕ್ಲಿಪ್ಪು ಸಿಕ್ಕಿಸಿದರು. ಮುಚ್ಚಬೇಕೆಂದರೂ ಮುಚ್ಚಲಾಗದ ಕಣ್ಣು. ಜನರನ್ನು ಜೀವಮಾನವಿಡೀ 'ಕಣ್ಣು ಮಿಟುಕಿಸಬೇಡಿ' ಎಂದು ಗದರಿಸಿದವಳಿಗೆ ಆಗ ಅದು ನೆನಪಾಯಿತು.

"ಮೇಲೆ ನೋಡಿ ಅಮ್ಮಾ. ಇನ್ನೂ ಮೇಲೆ."

ಯಾರೋ ಹೆಬ್ಬೆರಳಿನಿಂದ ಒತ್ತಿದ ಹಾಗಾಯಿತು, ಅಷ್ಟೇ. ನೋವು ಅವಳು ಹೆದರಿದ್ದರ ಕಾಲುಭಾಗವೂ ಇರಲಿಲ್ಲ. ಆಮೇಲೆ ಕಣ್ಣೊಳಗೆ ಕಪ್ಪು ಗುಳ್ಳೆಗಳು ತೇಲಾಡಿದವು. ಅವು ಒಂದೆರಡು ದಿನದಲ್ಲಿ ಕರಗುತ್ತವೆ ಎಂದು ಹೇಳಿದ್ದರೂ, ಕರಗುವ ತನಕ ಅವಳು ಒಂದು ತುತ್ತೂ ನೆಮ್ಮದಿಯಾಗಿ ಉಣ್ಣಲಿಲ್ಲ.

ಹತ್ತು ದಿನ ಬಿಟ್ಟು ತಮ್ಮನೇ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟ. "ಹೇಳು, ಏನು ಮಾಡ್ಬೇಕು. ದಿನಾ ಸೂಜಿ ಕಣ್ಣಿಗೆ ದಾರ ಪೋಣಿಸೋನು ನಾನು. ನನಗೆ ಕಾಣದೇ ಇರೋದು ಯಾವುದಿದೆ?"

ಅಕ್ಕನಿಗೆ ಅದು ಇಂಜೆಕ್ಷನ್ನಿಗಿಂತ ಕಷ್ಟವಾಯಿತು. ಫೋಕಸ್ ಎಂದರೆ ಅವಳ ಆಸ್ತಿ, ಅದನ್ನು ಇನ್ನೊಬ್ಬರ ಕೈಗೆ ಕೊಟ್ಟವಳೇ ಅಲ್ಲ. ಆದರೂ ಹೇಳಿದಳು. "ಚಿತ್ರದ ಕಡೆ ನೋಡಬೇಡ. ಫಿಲ್ಮಿನ ಮೇಲೆ ಮರಳು ಹರಡಿದ ಹಾಗೆ ಕಾಣುತ್ತಲ್ಲ, ಆ ಮರಳು ಚೂಪಾಗೋ ತನಕ ತಿರುಗಿಸು. ನಡುವೆ ಚೂಪಾದ್ಮೇಲೆ ನಾಲ್ಕು ಮೂಲೆ ನೋಡು."

ಅವನು ಮ್ಯಾಕ್ರೋ ಹಾಕಿ ನೋಡಿದ, ಆಮೇಲೆ ಅಪ್ಪನ ಲೆನ್ಸು ಹಾಕಿ ನೋಡಿದ. ಮತ್ತೆ ಮ್ಯಾಕ್ರೋ. ಅಕ್ಕ ಕೈ ಕಟ್ಟಿಕೊಂಡು, ಕೈ ಕಟ್ಟಿಕೊಳ್ಳದಿದ್ದರೆ ಕಿತ್ತುಕೊಂಡುಬಿಡುತ್ತೇನೆಂದು ಹೆದರಿ, ನಿಂತಿದ್ದಳು.

"ಮ್ಯಾಕ್ರೋ ನಡುವೆ ಭೇಷಾಗಿದೆ," ಎಂದ ಕೊನೆಗೆ. "ಇಷ್ಟು ಹಿಗ್ಗಿಸಿದ್ರೆ ಮೂಲೇಲಿ ಮರಳು ಕಲಸಿಹೋಗುತ್ತೆ. ಅಪ್ಪಂದು ಮೂಲೆ ತನಕ ಒಂದೇ ಸಮ."

"ಖಂಡಿತಾನಾ?"

"ನಂಬ್ತೀಯೋ ಇಲ್ವೋ?"

"ಹಾಗಾದ್ರೆ ಅಪ್ಪಂದೇ ಇರಲಿ," ಎಂದಳು ಅಕ್ಕ.

ಹೀಗೆ ಲೆನ್ಸಿನ ತೀರ್ಮಾನವಾಯಿತು. ಪುಟ್ಟ ಕ್ಯಾಮೆರಾ ಉಳಿಯಿತು, ತಿದಿಯೂ ಉಳಿಯಿತು, ಮ್ಯಾಕ್ರೋ ಅಂಗಡಿಗೆ ವಾಪಸಾಯಿತು. ತಮ್ಮ ಫಿಲ್ಮು ಪೋಣಿಸುತ್ತಿದ್ದ, ಸಡಿಲ ಬಿಟ್ಟಿದ್ದಾನೋ ಇಲ್ಲವೋ ಎಂದು ಅಕ್ಕ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಹರಿದ ಭಾಗಕ್ಕೆ ಟೇಪು ಹಚ್ಚಿದರು. ಮೊಳದುದ್ದದ ಚಿತ್ರ ಹೋದದ್ದು ಹೋಯಿತು.

ಅಮ್ಮ ಕಂಡದ್ದು ಒಂಬತ್ತನೆಯ ಸುರುಳಿಯಲ್ಲಿ. ಹಿತ್ತಿಲಿನಲ್ಲಿ ಹಗ್ಗಕ್ಕೆ ಒದ್ದೆ ಬಟ್ಟೆ ಹರವುತ್ತಿದ್ದಳು. ಕ್ಯಾಮೆರಾ ಕಂಡು ಮುಖ ತಿರುಗಿಸಿದಳು, ಹೋಗಿ ಹೋಗಿ ಎಂದು ಕೈ ಬೀಸಿದಳು, ಆಮೇಲೆ ತಾನೇ ನಕ್ಕು ಒಂದು ಅಂಗಿ ಕೊಡವಿ ಕ್ಲಿಪ್ಪು ಹಾಕಿದಳು. ಹನ್ನೆರಡು ಸೆಕೆಂಡು ಇರಬಹುದು. ಅಕ್ಕ ಕಂಪ್ಯೂಟರಿಗೆ ಎಡಗಣ್ಣು ಹತ್ತಿರ ತಂದು ಕೂತಿದ್ದಳು.

ಮೂರನೆಯ ಸಲ ಓಡಿಸಿದಾಗ ತಮ್ಮ ಎದ್ದು ನಿಂತ. "ಅಕ್ಕಾ! ಎಡಗೈ! ಅಮ್ಮ ಎಡಗೈಯಲ್ಲಿ ಕ್ಲಿಪ್ ಹಾಕ್ತಿದಾಳೆ!"

ಅವನು ಎಡಚ. ಎಡಗೈಯಲ್ಲಿ ಊಟಕ್ಕೆ ಕೂತರೆ ಅತ್ತೆ ಸೌಟಿನಿಂದ ಹೊಡೆಯುತ್ತಿದ್ದಳು, ಈ ದರಿದ್ರ ಎಲ್ಲಿಂದ ಬಂತೋ ಎನ್ನುತ್ತಿದ್ದಳು.

ಅಕ್ಕ ಮಾತ್ರ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದಳು. ಫಿಲ್ಮನ್ನು ಮಗ್ಗುಲು ಬದಲಾಯಿಸಿ ಪೋಣಿಸಿದ್ದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹೇಳದೆ ಇರಬಹುದಿತ್ತು. ಅವನ ಮುಖ ನೋಡಿದರೆ ಹೇಳಲು ಬಾಯಿಯೂ ಬರುತ್ತಿರಲಿಲ್ಲ. ಆದರೆ ಮುಚ್ಚಿಟ್ಟುಕೊಂಡರೆ ಏನಾಗುತ್ತದೆಂದು ಈಗ ತಾನೇ ಕಲಿತಿದ್ದಳು.

"ಫಿಲ್ಮು ತಿರುಗುಮುರುಗಾಗಿದ್ರೆ ಹಾಗೆ ಕಾಣಬಹುದು ಕಣೋ," ಎಂದಳು ಮೆಲ್ಲಗೆ. "ಅಮ್ಮನ ಹಿಂದೆ ಒಂದು ಮರದ ಪೆಟ್ಟಿಗೆ ಇದೆ ನೋಡು. ಮೇಲೆ ಏನೋ ಬರೆದಿದೆ. ನನಗೆ ಓದೋಕಾಗಲ್ಲ. ಅಕ್ಷರ ತಿರುಗಿದೆಯೋ ಇಲ್ವೋ ನೀನು ಓದು."

ಅವನು ತಕ್ಷಣ ನೋಡಲಿಲ್ಲ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಬಗ್ಗಿದ.

"'ಫೋಟೊ ಕಾಗದ. ಬೆಳಕಿಗೆ ತೆರೆಯಬೇಡಿ,'" ಎಂದು ಓದಿದ. "ನೆಟ್ಟಗೇ ಇದೆ ಅಕ್ಕಾ."

ಮುಂದಿನ ತಿಂಗಳು ಎರಡನೆಯ ಇಂಜೆಕ್ಷನ್ನು. ಬಲಗಣ್ಣಿನ ಉಬ್ಬು ಇಳಿದಿತ್ತು, ಗೆರೆಗಳು ಅರ್ಧ ನೆಟ್ಟಗಾಗಿದ್ದವು, ನಡುವಿನ ಕಲೆ ಮಾತ್ರ ಹೋಗಿರಲಿಲ್ಲ. ಅದು ಹೋಗುವುದಿಲ್ಲ ಎಂದು ಡಾಕ್ಟರು ಸುತ್ತಿಬಳಸದೆ ಹೇಳಿದಳು. ಎಡಗಣ್ಣು ಈ ಸಲಕ್ಕೆ ಒಣಗಿಯೇ ಇತ್ತು. ಮುಂದಿನ ಸಲದ್ದು ಮುಂದಿನ ಸಲ.

ಮಲಗಿಸಿ ಬಟ್ಟೆ ಮುಚ್ಚುವಾಗ ನರ್ಸು ಕೇಳಿದಳು, "ಹೋದ ಸಲ ಆಗಿದೆಯಲ್ಲ, ಈಗ ಹೆದರಿಕೆ ಇಲ್ಲ ತಾನೆ?"

"ಇದೆ," ಎಂದಳು ಅಕ್ಕ. "ಹೊರಗೆ ನನ್ನ ತಮ್ಮ ಕೂತಿದಾನೆ. ಬಾಗಿಲು ಸ್ವಲ್ಪ ತೆಗೆದಿಡೋಕಾಗುತ್ತಾ?"

ತೆಗೆದಿಡುವ ಹಾಗಿರಲಿಲ್ಲ. ಆದರೆ ನರ್ಸು ಬಾಗಿಲ ತನಕ ಹೋಗಿ ಅವನಿಗೆ ಏನೋ ಹೇಳಿದಳು, ಅವನು ಅಲ್ಲಿಂದಲೇ, ಇಲ್ಲೇ ಇದ್ದೇನೆ ಎಂಬಂತೆ, ಜೋರಾಗಿ ಕೆಮ್ಮಿದ. ಅಕ್ಕ ಹಾಸಿಗೆಯ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಮೇಲೆ ನೋಡಿದಳು.